ತಗಡಿನ ಬೋರ್ಡಿಗೆ ಹೊಡೆದ ಎರಡು ಗುಂಡು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವ್ವ ಬಂದವರೆಲ್ಲರ ಹತ್ತಿರ ಹೇಳುತ್ತಾಳೆ. ಅದು ಸುಳ್ಳು. ಮೂಗಿನ ತುದಿಯಲ್ಲಿದ್ದರೆ ಎದುರಿಗಿದ್ದವರಿಗಾದರೂ ಕಂಡೀತು, ಅವರು ಜಾಗ ಬಿಟ್ಟಾರು. ನನ್ನ ಕೋಪ ಇರುವುದು ಕೈಯಲ್ಲಿ. ತಲೆಗೆ ಸುದ್ದಿ ತಲುಪುವಷ್ಟರಲ್ಲಿ ಕೈ ತನ್ನ ಕೆಲಸ ಮುಗಿಸಿರುತ್ತದೆ. ಮನೆಗೆ ಇಂಟರ್ನೆಟ್ ಬಂದ ಮೇಲೆ ನಾನು ಒಡೆದದ್ದು ಎರಡು ಮೋಡೆಮ್, ಒಂದು ಮೌಸ್ ಮತ್ತು ಅತ್ತಿಗೆಯ ಉಪ್ಪಿನಕಾಯಿ ಭರಣಿ. ಭರಣಿಯ ತಪ್ಪೇನೂ ಇರಲಿಲ್ಲ. ಎಸೆದ ಮೌಸಿಗೆ ಅಡ್ಡ ಸಿಕ್ಕಿತು, ಅಷ್ಟೆ.

ನಮ್ಮ ಮನೆ ಅಮ್ಮತ್ತಿಯಿಂದ ಒಳಗೆ, ಕಾಫಿ ತೋಟದ ನಡುವೆ ಇದೆ. ನಾನು ಇಲ್ಲಿ ಹುಟ್ಟಿದವಳು, ಮದುವೆಯಾಗಿ ಹೋದವಳು, ನಲವತ್ತನೆಯ ವಯಸ್ಸಿನಲ್ಲಿ ಒಂದು ಸೂಟ್‌ಕೇಸ್ ಹಿಡಿದು ವಾಪಸು ಬಂದವಳು. ಗಂಡ ಕೈ ಎತ್ತುವ ಮನುಷ್ಯ. ಹದಿನಾಲ್ಕು ವರ್ಷ ಪೆಟ್ಟು ತಿಂದೆ. ಒಂದು ದಿನ ನಾನೂ ಎತ್ತಿದೆ. ಅವನದು ಒಂದು ಹಲ್ಲು ಹೋಯಿತು, ನನ್ನದು ಸಂಸಾರ ಹೋಯಿತು. ತವರಿನಲ್ಲಿ ಅಣ್ಣ ಒಂದು ಮಾತೂ ಕೇಳಲಿಲ್ಲ. ಅತ್ತಿಗೆಯೂ ಕೇಳಲಿಲ್ಲ, ಆದರೆ ಬಡಿಸುವಾಗ ಸೌಟು ತಟ್ಟೆಗೆ ತಾಗುವ ಸದ್ದಿನಲ್ಲಿ ಎಲ್ಲ ಪ್ರಶ್ನೆಗಳೂ ಇರುತ್ತಿದ್ದವು. ಆ ಸದ್ದು ನಿಂತದ್ದು ನನಗೆ ಕೆಲಸ ಸಿಕ್ಕಿದ ಮೇಲೆ. ಹೊರದೇಶಗಳಲ್ಲಿರುವ ನಮ್ಮ ಜನರ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಗಣಿತ ಹೇಳಿಕೊಡುವ ಕೆಲಸ. ಮೊದಲ ಸಂಬಳದ ದಿನ ಪೇಟೆಯಿಂದ ಹಂದಿ ಮಾಂಸ ತರಿಸಿದೆ. ಅವತ್ತು ಅತ್ತಿಗೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು.

ಕೆಲಸ ಕೊಟ್ಟ ಕಂಪನಿಯದು ಒಂದೇ ಕಟ್ಟುನಿಟ್ಟು. ತಿಂಗಳಲ್ಲಿ ಮೂರು ಕ್ಲಾಸು ಟೀಚರ್ ಕಡೆಯ ಲೈನಿನಿಂದಾಗಿ ಕೆಟ್ಟರೆ, ಮಾರನೆಯ ದಿನದಿಂದ ಟೀಚರಿಗೆ ಕೆಲಸವಿಲ್ಲ. ಕ್ಲಾಸುಗಳೆಲ್ಲ ರೆಕಾರ್ಡ್ ಆಗುತ್ತವೆ, ಆದ್ದರಿಂದ ಸುಳ್ಳು ನಡೆಯುವುದಿಲ್ಲ.

ನಮ್ಮ ಊರಿಗೆ ಕೇಬಲ್ ಎಳೆದವನು ಕುಶಾಲನಗರದ ಕಡೆಯವನು. ಅವನ ಅಜ್ಜ ಹಾಸನದಿಂದ ಬಂದು ಅಲ್ಲಿ ಹೊಲ ಮಾಡಿದವರಂತೆ. ದೊಡ್ಡ ಕಂಪನಿಯ ಹೆಸರು ಹೇಳಿಕೊಂಡು ಬಂದ. ಸಿಲ್ವರ್ ಓಕ್ ಮರದಿಂದ ಮರಕ್ಕೆ ತಂತಿ ಹಾಯಿಸಿದ. ನಮ್ಮ ಅಂಗಳದ ತುದಿಯ ಮರಕ್ಕೆ ಒಂದು ತಗಡಿನ ಬೋರ್ಡ್ ಹೊಡೆದ. ಅದರಲ್ಲಿ ರಾಕೆಟ್ಟಿನ ಚಿತ್ರ, ಕೆಳಗೆ ‘ಮಿಂಚಿನ ವೇಗ, ಮಿತಿಯೇ ಇಲ್ಲ’ ಎಂಬ ಬರಹ. ಬಂದಾಗಲೆಲ್ಲ ಅವ್ವ ಅವನಿಗೆ ಕಾಫಿ ಕೊಡುತ್ತಿದ್ದಳು. ಅವನೂ ನಮ್ಮ ಹಾಗೆಯೇ ಅವಳನ್ನು ಅವ್ವ ಎನ್ನುತ್ತಿದ್ದ.

ಮೊದಲ ಎರಡು ತಿಂಗಳು ಬೋರ್ಡಿನಲ್ಲಿದ್ದದ್ದು ನಿಜವೇ ಆಗಿತ್ತು. ಆಮೇಲೆ ಶುರುವಾಯಿತು. ಪರದೆಯ ಮೇಲೆ ಗೋಲವೊಂದು ತಿರುಗುತ್ತದೆ, ಮಗುವಿನ ಬಾಯಿ ತೆರೆದಂತೆ ನಿಲ್ಲುತ್ತದೆ, ಮಾತು ಅರ್ಧ ನಿಮಿಷ ಬಿಟ್ಟು ಚೂರು ಚೂರಾಗಿ ಬೀಳುತ್ತದೆ. ಫೋನ್ ಮಾಡಿದರೆ ಅವನದು ಒಂದೇ ಉತ್ತರ.

“ಆನೆ ಅಕ್ಕಾ. ಆನೆ ಕೇಬಲ್ ಕಿತ್ತಾಕ್ಬುಟ್ಟದೆ.”

ಆನೆ ನಮಗೆ ಹೊಸದಲ್ಲ. ಬೇಲಿ ಮುರಿಯುತ್ತದೆ, ಹಲಸು ತಿನ್ನುತ್ತದೆ, ಕೂಲಿಯವರನ್ನು ಓಡಿಸುತ್ತದೆ. ಆದರೆ ಇವನು ಹೇಳುವ ಆನೆ ವಾರಕ್ಕೆ ಎರಡು ಸಲ, ನನ್ನ ಕ್ಲಾಸಿನ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಒಂದು ದಿನ ಕತ್ತಿ ಹಿಡಿದು ಕೇಬಲಿನ ಗುಂಟ ನಡೆದೇ ಬಿಟ್ಟೆ. ಮುಖ್ಯ ರಸ್ತೆಯವರೆಗೂ ತಂತಿ ಗಟ್ಟಿಯಾಗಿಯೇ ಇತ್ತು. ಲದ್ದಿಯೂ ಇರಲಿಲ್ಲ, ಹೆಜ್ಜೆಯೂ ಇರಲಿಲ್ಲ. ಕಿವಿಗೆ ಹೂವಿಡುವುದಕ್ಕೂ ಒಂದು ಮಿತಿ ಬೇಡವೇ?

ದೊಡ್ಡ ಕಂಪನಿಯ ಕಸ್ಟಮರ್ ಕೇರಿಗೆ ಫೋನ್ ಹಚ್ಚಿದೆ. ಒಂದು ಒತ್ತಿ, ಮೂರು ಒತ್ತಿ, ಮತ್ತೆ ಒಂದು ಒತ್ತಿ ಎನ್ನುತ್ತಾ ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದರು. ಕೊನೆಗೆ ಸಿಕ್ಕಿದ ಹುಡುಗಿ, “ಮೋಡೆಮ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ಮೇಡಂ” ಎಂದಳು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ, ಅವಳನ್ನು ಹೆತ್ತವರನ್ನೂ ಬಿಡಲಿಲ್ಲ. ಆ ಕಡೆ ಮೂಗು ಎಳೆಯುವ ಸದ್ದು ಕೇಳಿತು. ಅಳುತ್ತಿದ್ದಳು. ಅಳುತ್ತಲೇ, “ನಿಮ್ಮ ದೂರು ದಾಖಲಾಗಿದೆ ಮೇಡಂ” ಎಂದಳು. ನಾಚಿಕೆಯಾಯಿತು. ಆ ನಾಚಿಕೆಗೂ ಕೋಪ ಬಂದು ಮೊದಲನೆಯ ಮೋಡೆಮನ್ನು ಕಾಫಿ ಒಣಗಿಸುವ ಕಣಕ್ಕೆ ಎಸೆದೆ.

ನಿಜ ಸಂಗತಿ ತಿಳಿದದ್ದು ಏಣಿಯಿಂದ. ಒಂದು ಮಧ್ಯಾಹ್ನ ಕೇಬಲಿನವನು ನಮ್ಮ ಮರ ಹತ್ತಿ, ತಂತಿ ಕೂಡುವ ಪೆಟ್ಟಿಗೆ ತೆಗೆದು ಏನೋ ಕೆದಕುತ್ತಿದ್ದ. ನಾನು ಕೆಳಗಿನಿಂದ ಏಣಿ ಎಳೆದುಕೊಂಡೆ.

“ಅಕ್ಕಾ, ಏನ್ ಮಾಡ್ತಿದ್ದೀರಾ?”

“ಸ್ಪೀಡು ಬಂದ ಮೇಲೆ ಏಣಿ ಬರ್ತದೆ.”

ಮೊದಲು ನಕ್ಕ. ಆಮೇಲೆ ಬೇಡಿಕೊಂಡ. ಮರದ ಕೆಂಪಿರುವೆಗಳು ಅವನ ಕೊರಳಿಗೆ ಏರಿದ ಮೇಲೆ ಕಿರುಚತೊಡಗಿದ. ನಾನು ಜಗಲಿಯಲ್ಲಿ ಕೂತು ಕಾಫಿ ಕುಡಿದೆ. ಕಡೆಗೆ ಒಂದು ಕೈಯಲ್ಲಿ ಕೊಂಬೆ ತಬ್ಬಿಕೊಂಡು ಇನ್ನೊಂದು ಕೈಯಲ್ಲಿ ಫೋನ್ ತೆಗೆದು ತನ್ನ ಆಫೀಸಿಗೆ ಕೂಗಿದ: “ಆ ಅಕ್ಕನ ಮನೇದು ಪೂರ್ತಿ ಬಿಡ್ರಲೇ, ಬೇಗ!” ಅವನು ಫೋನ್ ಜೇಬಿಗೆ ಹಾಕುವಷ್ಟರಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಹೊಳೆಯ ನೀರಿನಂತೆ ಹರಿಯಿತು. ಆನೆ ಗೀನೆ ಏನೂ ಇರಲಿಲ್ಲ. ಒಂದೇ ಲೈನು ತೆಗೆದುಕೊಂಡು ಊರಿಗೆಲ್ಲ ಹಂಚಿದ್ದ. ಯಾರಿಗೆ ಎಷ್ಟು ಬಿಡಬೇಕು ಎಂಬ ನಲ್ಲಿ ಅವನ ಕೈಯಲ್ಲಿತ್ತು.

ಏಣಿ ಕೊಟ್ಟೆ. ಅವನು ಇಳಿದು, ಕೊರಳು ತುರಿಸಿಕೊಳ್ಳುತ್ತಾ, ಅವ್ವ ಕೊಟ್ಟ ಕಾಫಿಯನ್ನೂ ಕುಡಿಯದೆ ಹೋದ. ಮಾರನೆಯ ದಿನದಿಂದ ನನ್ನ ನಲ್ಲಿ ಇನ್ನೂ ಸಣ್ಣದಾಯಿತು. ಆ ತಿಂಗಳು ಒಂದು ಕ್ಲಾಸು ಕೆಟ್ಟಿತು, ವಾರ ಬಿಟ್ಟು ಎರಡನೆಯದು. ಉಳಿದದ್ದು ಒಂದು.

ಅದು ಬೇಸಿಗೆ. ನಮ್ಮ ಸೀಮೆಯ ಮನೆತನಗಳ ನಡುವೆ ವರ್ಷವರ್ಷ ನಡೆಯುವ ಹಾಕಿ ಪಂದ್ಯಗಳು ಕೊನೆಯ ಹಂತಕ್ಕೆ ಬಂದಿದ್ದವು, ನಮ್ಮೂರಿನ ಒಂದು ಮನೆತನ ಸೆಮಿಫೈನಲ್ ಆಡುತ್ತಿತ್ತು. ಅಣ್ಣ, ಅತ್ತಿಗೆ ಮೈದಾನಕ್ಕೇ ಹೋಗಿದ್ದರು. ಹೋಗದವರು ಮನೆಮನೆಯಲ್ಲಿ ಲೈವ್ ಹಚ್ಚಿಕೊಂಡು ಕೂತಿದ್ದರು. ಅವ್ವ ಒಳಗಿನ ಕೋಣೆಯಲ್ಲಿ ಮಲಗಿದ್ದಳು. ನಾನು ಜಗಲಿಯಲ್ಲಿ ಅಂಗಳಕ್ಕೆ ಬೆನ್ನು ಹಾಕಿ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೆ. ಟೀಚರ್ ಹಿಂದೆ ಹಸಿರು ಕಂಡರೆ ಮಕ್ಕಳಿಗೆ ಖುಷಿ ಎಂದು ಕಂಪನಿಯವರೇ ಹೇಳಿದ್ದರು.

ನಾಲ್ಕು ಗಂಟೆಯ ಕ್ಲಾಸು ಗಲ್ಫಿನಲ್ಲಿರುವ ಮಂಗಳೂರು ಕಡೆಯವರ ಮಗಳದು. ಒಂಬತ್ತು ವರ್ಷದವಳು. ಮುಕ್ಕಾಲು ಅಂದರೆ ಎಷ್ಟು ಎಂದು ರೊಟ್ಟಿಯ ಚಿತ್ರ ಬಿಡಿಸಿ ತೋರಿಸುತ್ತಿದ್ದೆ. ರೊಟ್ಟಿ ಅಲ್ಲೇ ನಿಂತಿತು. ಮಗು ಮಸುಕಾಯಿತು, ಚೌಕ ಚೌಕವಾಗಿ ಒಡೆಯಿತು, ಮಾಯವಾಯಿತು. ಹದಿನೈದು ನಿಮಿಷದೊಳಗೆ ಮತ್ತೆ ಸೇರದಿದ್ದರೆ ಕ್ಲಾಸು ಕೆಟ್ಟಂತೆ ಎಂಬ ಸೂಚನೆ ಪರದೆಗೆ ಬಂತು.

ಅವನಿಗೆ ಫೋನ್ ಮಾಡಿದೆ. ಎತ್ತಿದ.

“ಇವತ್ತು ಮ್ಯಾಚಲ್ವಾ ಅಕ್ಕಾ, ಎಲ್ರೂ ನೋಡ್ತಾವ್ರೆ. ಲೋಡು ಜಾಸ್ತಿ.”

“ಮಾರಾಯ, ಕಾಲು ಹಿಡಿತೇನೆ. ಹತ್ತೇ ನಿಮಿಷ ಬಿಡು. ಇವತ್ತು ಕಡಿದ್ರೆ ನನ್ನ ಕೆಲಸ ಹೋಗ್ತದೆ.”

ನಾನು ಜೀವಮಾನದಲ್ಲಿ ಗಂಡನ ಕಾಲನ್ನೂ ಹಿಡಿದವಳಲ್ಲ.

“ಅವತ್ತು ಏಣಿ ಎಳ್ಕೊಂಡಾಗ ನನ್ ಜೀವ ಹೋಗ್ತಿತ್ತಲ್ಲ ಅಕ್ಕಾ, ಆಗ?” ಎಂದು ಫೋನ್ ಇಟ್ಟ.

ಆಮೇಲಿನದು ನನ್ನ ಕೈಯ ಕೆಲಸ. ಒಳಗೆ ಹೋದದ್ದು, ಗೋಡೆಯಿಂದ ಜೋಡಿ ನಳಿಗೆಯ ಕೋವಿ ಇಳಿಸಿದ್ದು, ಬೀರುವಿನಿಂದ ತೋಟೆ ತೆಗೆದದ್ದು ಒಂದೂ ನೆನಪಿಲ್ಲ. ಕೋವಿಗೆ ಪೂಜೆ ಮಾಡುವ ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆದು ಮೂರು ಸಲ ಬಹುಮಾನ ತಂದವಳು ನಾನು. ಅಂಗಳಕ್ಕೆ ಇಳಿದು ಮರದ ಮೇಲಿನ ರಾಕೆಟ್ಟಿಗೆ ಗುರಿ ಹಿಡಿದೆ. ಒಂದು ಗುಂಡಿಗೆ ರಾಕೆಟ್ ಹರಿಯಿತು. ಎಂಥ ಸುಖ ಅದು! ಹೊಟ್ಟೆಯೊಳಗಿನ ಬೆಂಕಿ ಹೊರಗೆ ಹೋದಂಥ ಸುಖ. ಎರಡನೆಯದಕ್ಕೆ ‘ಮಿತಿಯೇ ಇಲ್ಲ’ ಎಂಬುದರಲ್ಲಿ ‘ಇಲ್ಲ’ ಉಳಿಯಲಿಲ್ಲ. ತಗಡು ಒಂದು ಮೊಳೆಯಲ್ಲಿ ಜೋತಾಡಿತು.

ಸದ್ದು ಗುಡ್ಡಕ್ಕೆ ಬಡಿದು ವಾಪಸು ಬಂದಾಗ ನನಗೆ ಜ್ಞಾನ ಬಂತು. ನಮ್ಮಲ್ಲಿ ಮನೆಯ ಮುಂದೆ ಒಂದು ಗುಂಡು ಹಾರಿದರೆ ಗಂಡು ಕೂಸು ಹುಟ್ಟಿದೆ ಎಂದರ್ಥ. ಬೆನ್ನುಬೆನ್ನಿಗೆ ಎರಡು ಹಾರಿದರೆ ಆ ಮನೆಯಲ್ಲಿ ಸಾವು. ಕೇಳಿದವರು ಇದ್ದ ಕೆಲಸ ಬಿಟ್ಟು ಬರಲೇಬೇಕು. ಇದನ್ನು ನಮ್ಮ ಮಕ್ಕಳಿಗೆ ಯಾರೂ ಕಲಿಸುವುದಿಲ್ಲ, ತಾನಾಗಿ ಗೊತ್ತಿರುತ್ತದೆ. ಗೊತ್ತಿದ್ದವಳೇ ಎರಡು ಹೊಡೆದಿದ್ದೆ.

ಜನ ಬಂದರು. ಆಚೆ ತೋಟದವರು, ಗದ್ದೆ ಬದಿಯವರು, ಲೈನ್ ಮನೆಯ ಕೂಲಿಯವರು. ಗೋಲು ಸಮನಾಗಿ ಆಟ ಕುದಿಯುತ್ತಿದ್ದ ಹೊತ್ತಿನಲ್ಲಿ ಮೊಬೈಲು ಟೀವಿ ಎಲ್ಲ ಆರಿಸಿ ಬಂದರು. ಬೇಲಿ ಜಗಳದಲ್ಲಿ ಹತ್ತು ವರ್ಷ ಮಾತು ಬಿಟ್ಟಿದ್ದ ಪಕ್ಕದ ಮನೆಯ ಅಜ್ಜಿ ಬಿಳಿ ಸೀರೆ ಸುತ್ತಿಕೊಂಡು, ಅಳುತ್ತಾ, ನನ್ನನ್ನು ತಬ್ಬಿಕೊಳ್ಳಲು ಬಂದಳು. ಅವಳ ಹಿಂದೆ ಒಂದು ಅಂಗಳದಷ್ಟು ಜನ. ನಾನು ಕೋವಿ ಹಿಡಿದು ಕಲ್ಲಿನಂತೆ ನಿಂತಿದ್ದೆ.

ಅಷ್ಟರಲ್ಲಿ ಅವ್ವ ಕಣ್ಣುಜ್ಜಿಕೊಳ್ಳುತ್ತಾ ಬಾಗಿಲಿಗೆ ಬಂದು, ಯಾರು ಸತ್ತದ್ದು ಎಂದು ಕೇಳಿದಳು.

ಪಕ್ಕದ ಮನೆಯ ಅಜ್ಜಿ ಅವ್ವನ ಮುಖ ನೋಡಿದಳು, ಜೋತಾಡುವ ತಗಡು ನೋಡಿದಳು, ನನ್ನನ್ನು ನೋಡಿದಳು. “ಥೂ” ಎಂದಳು. ಪೂಜೆಗೆ ಇಡುವ ಕೋವಿಯಲ್ಲಿ ಇಂಥ ಹುಡುಗಾಟವೇ ಎಂದು ಮುದುಕರೊಬ್ಬರು ಗದರಿದರು. ನಾನು ತಪ್ಪಾಯಿತು ಎನ್ನಬೇಕಿತ್ತು. ಬಾಯಿ ತೆರೆದಿದ್ದೆ ಕೂಡ.

ಆಗ ಗೇಟಿನಿಂದ ಕೇಬಲಿನವನು ಓಡಿ ಬಂದ. ಎರಡು ತೋಟದಾಚೆ ಕೇಬಲ್ ಎಳೆಯುತ್ತಿದ್ದನಂತೆ. ಇಷ್ಟು ವರ್ಷ ನಮ್ಮ ನಡುವೆ ಓಡಾಡಿದವನಿಗೂ ಎರಡು ಗುಂಡಿನ ಅರ್ಥ ಗೊತ್ತಿತ್ತು. ತಲೆಯ ಟವೆಲು ಕೈಯಲ್ಲಿತ್ತು, ಕಣ್ಣು ತುಂಬಿತ್ತು. ಜನರ ಹಿಂದೆ ಬಾಗಿಲಲ್ಲಿ ನಿಂತ ಅವ್ವ ಅವನಿಗೆ ಕಾಣಲಿಲ್ಲ.

“ಅಕ್ಕಾ, ಅವ್ವ ಹೋಗ್ಬುಟ್ರಾ?” ಎಂದ.

ನಾನು ಕೋವಿ ತಿರುಗಿಸಿ, ಅದರ ಮರದ ಹಿಡಿಯಿಂದ ಅವನ ಮುಖಕ್ಕೆ ಹೊಡೆದೆ. ಹುಬ್ಬಿನ ಹತ್ತಿರ ಏನೋ ಸೀಳಿದ್ದು ಕೈಗೆ ಗೊತ್ತಾಯಿತು. ಅವನು ಮೊಣಕಾಲೂರಿದ. ಮತ್ತೆ ಹೊಡೆದೆ, ಭುಜಕ್ಕೆ. ಮೂರನೆಯದಕ್ಕೆ ಎತ್ತಿದಾಗ ನಾಲ್ಕು ಜನ ನನ್ನನ್ನು ಹಿಡಿದರು. ಕಿರುಚುತ್ತಿದ್ದೆ. ಏನು ಕಿರುಚಿದೆ ಎಂದು ಅವ್ವ ಇವತ್ತಿಗೂ ನನಗೆ ಹೇಳಿಲ್ಲ. ಅವನು ಕೈ ಅಡ್ಡ ಇಡಲಿಲ್ಲ, ತಿರುಗಿ ಹೊಡೆಯಲೂ ಇಲ್ಲ. ಮುಖದ ಮೇಲೆ ರಕ್ತ ಇಳಿಯುತ್ತಿರಲು ಜನರ ಕಾಲುಗಳ ನಡುವಿನಿಂದ ಬಾಗಿಲ ಕಡೆ ನೋಡಿದ.

“ಸದ್ಯ, ಅವ್ವ ಬದುಕವ್ರೆ” ಎಂದ.

ಅಷ್ಟರಲ್ಲಿ ಜಗಲಿಯಿಂದ ಒಂದು ಸಣ್ಣ ದನಿ ಸ್ಪಷ್ಟವಾಗಿ ಕೇಳಿತು.

“ಮಿಸ್, ಆ ಅಂಕಲ್‌ಗೆ ರಕ್ತ ಬರ್ತಾ ಉಂಟು.”

ತಿರುಗಿದೆ. ಊರಿನ ಒಂದು ಮನೆಯಲ್ಲೂ ಲೈವ್ ನೋಡುವವರಿರಲಿಲ್ಲ. ಎಲ್ಲರೂ ನನ್ನ ಅಂಗಳದಲ್ಲಿದ್ದರು. ಅವರೆಲ್ಲರ ಪಾಲಿನ ವೇಗ ನನ್ನೊಬ್ಬಳಿಗೇ ಬಂದು, ಕಡಿದ ಕ್ಲಾಸು ತಾನಾಗಿ ಮತ್ತೆ ಸೇರಿಕೊಂಡಿತ್ತು. ಏಳು ತಿಂಗಳಿಂದ ಪಾಠ ಹೇಳುತ್ತಿದ್ದ ಆ ಮಗುವಿನ ಮುಖವನ್ನು ನಾನು ಸರಿಯಾಗಿ ನೋಡಿದ್ದು ಅವತ್ತೇ. ಮುಂದಿನ ಹಲ್ಲೊಂದು ಅರ್ಧ ಬೆಳೆದಿತ್ತು, ಕೆನ್ನೆಯಲ್ಲಿ ಸಣ್ಣ ಮಚ್ಚೆ ಇತ್ತು. ನಾನು ಮೆಟ್ಟಿಲು ಹತ್ತಿ ಹತ್ತಿರ ಹೋದಂತೆ ಅವಳು ಕುರ್ಚಿಯನ್ನು ಹಿಂದಕ್ಕೆ ತಳ್ಳಿಕೊಂಡಳು. ಎಲ್ಲೋ ಸಮುದ್ರದಾಚೆ ಇದ್ದ ಮಗು ನನ್ನ ಕೈಗೆ ಸಿಗದಷ್ಟು ದೂರಕ್ಕೆ ಸರಿಯಲು ನೋಡಿತು. ಹಿಂದಿನಿಂದ ಅವಳ ತಾಯಿಯ ಕೈ ಬಂದು ಪರದೆ ಮುಚ್ಚಿತು.

ಅವನ ಹುಬ್ಬಿಗೆ ಹೊಲಿಗೆ ಬಿತ್ತು. ಪೊಲೀಸರಿಗೆ ದೂರು ಕೊಡುವುದಿಲ್ಲ ಎಂದು ಅಣ್ಣನ ಹತ್ತಿರ ಹೇಳಿದನಂತೆ, ಅವ್ವನ ಮುಖ ನೋಡಿ. ಅದು ನನಗೆ ಎರಡು ಏಟಿಗಿಂತ ಜೋರಾಗಿ ಬಿತ್ತು.

ಮಾರನೆಯ ದಿನ ಕಂಪನಿಯಿಂದ ಒಬ್ಬ ಫೋನ್ ಮಾಡಿದ. ಸಣ್ಣ ವಯಸ್ಸಿನ ದನಿ, ತುಂಬ ಮರ್ಯಾದೆ. ಮೂರನೆಯ ಕ್ಲಾಸು ಲೈನಿನಿಂದ ಕೆಟ್ಟದ್ದಲ್ಲ ಎಂದು ನಾನೇ ಮೊದಲು ಹೇಳಿದೆ, ಹದಿನೈದು ನಿಮಿಷದೊಳಗೆ ಸೇರಿತ್ತು ಎಂದೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ.

“ಹೌದು ಮೇಡಂ, ಲೈನ್ ತುಂಬ ಚೆನ್ನಾಗಿತ್ತು” ಎಂದ ಅವನು. “ಮತ್ತೆ ಸೇರಿದ ಮೇಲೆ ಒಂದು ಸೆಕೆಂಡೂ ನಿಂತಿಲ್ಲ. ಪೂರ್ತಿ ರೆಕಾರ್ಡ್ ಆಗಿದೆ.”

ಮಗುವಿಗೆ ಬೇರೆ ಟೀಚರ್ ನೋಡಿದ್ದೇವೆ ಎಂದೂ ಹೇಳಿದ. ಒಳ್ಳೆಯದಾಯಿತು ಎಂದೆ.