ಬೇಲಿ ಆಚೆಯ ತೊರೆ

ಹಸು ಕಂಡು ಯಾವತ್ತಾದ್ರೂ ಹೆದರಿದೀರಾ? ನಗಬೇಡಿ, ನಾನು ಹೆದರಿದೆ.

ಹೋದ ಅಕ್ಟೋಬರಲ್ಲಿ ಸೊಸೆ ಶುಭಾಳ ಹೊಸ ಮನೆ ಗೃಹಪ್ರವೇಶಕ್ಕೆ ಸಗಣಿ ಬೇಕಿತ್ತು. ಅವಳೂ ನಾನೂ ಪರದೇಶದ ಅವಳೂರು ಶ್ಯಾಂಟಿಲಿಯಿಂದ ಬೆಳಗ್ಗೆ ಆರಕ್ಕೆ ಕಾರಲ್ಲಿ ಹೊರಟ್ವಿ. ಹಸು ಸಾಕಿರೋ ಹಾಲಿನ ಫಾರ್ಮಿಗೆ ಎರಡು ಗಂಟೆ ದಾರಿ. ಡಬ್ಬೀಲಿ ಒಗ್ಗರಣೆ ಅವಲಕ್ಕಿ. ಬೆಟ್ಟ ಇಳಿದು ಕಣಿವೆಗೆ ಬಂದ್ರೆ ಎಂಥ ಮಂಜು ಅಂತೀರಾ, ಮುಂದಿನ ಕಾರಿನ ಕೆಂಪು ದೀಪಾನೂ ಕಾಣಿಸ್ಲಿಲ್ಲ.

ಹಾಲಿನ ಫಾರ್ಮ್ ನಡೆಸೋನು ಡೇಲ್ ಅಂತ, ನನ್ನ ವಯಸ್ಸಿನ ಮುದುಕ. ಸಗಣಿ ಅಂದಿದ್ದಕ್ಕೆ "ಬಕೆಟ್ ಯಾಕೆ, ಲಾರಿ ತರಬೇಕಿತ್ತು" ಅಂದ. ಅವನ ಇಂಗ್ಲಿಷನ್ನ ಶುಭಾ ನನಗೆ ಕನ್ನಡದಲ್ಲಿ ಹೇಳ್ತಿದ್ಲು. ಸಗಣಿ ಗುಂಡಿ ತೋರಿಸಿದ. ಕೆರೆಯಷ್ಟು ಅಗಲ, ಮೇಲೆ ಕರೀ ಪ್ಲಾಸ್ಟಿಕ್ ಹೊದಿಕೆ. ಒಳಗಿನ ಗ್ಯಾಸಿಗೆ ಅದು ಮೆಲ್ಲಗೆ ಉಬ್ಬೋದು, ಇಳಿಯೋದು, ಮಲಗಿರೋರ ಹೊಟ್ಟೆ ಥರ. ವಾಸನೇನೇ ಇಲ್ಲ.

"ಸಗಣಿ ಕೆಳಗಿನ ತೊರೆಗೆ ಸೇರಬಾರ್ದು ಅಂತ ಈ ಗುಂಡಿ, ಹಸು ತೊರೆಗೆ ಇಳೀಬಾರ್ದು ಅಂತ ಆ ಬೇಲಿ. ಖರ್ಚು ಏರ್ತು, ಹಾಲಿನ ರೇಟು ಇದ್ದಲ್ಲೇ ಇದೆ," ಅಂದ. ಬೇಲಿ ಖರ್ಚಲ್ಲಿ ಹೆಚ್ಚಿನ ಪಾಲು ಸರ್ಕಾರ ಕೊಡುತ್ತಂತೆ, ಅದಕ್ಕೆ ಅವತ್ತೇ ಆಫೀಸರಮ್ಮ ನೋಡೋಕೆ ಬರೋಳಿದ್ಲು. ಒಪ್ಪದಿದ್ರೆ ಹಸು ಮಾರಿ ಫಾರ್ಮ್ ಮುಚ್ಚೋದೇ ಅಂದ.

ಅವನೂ ಶುಭಾನೂ ಬಕೆಟ್ ತುಂಬಿಸೋಕೆ ಹೋದ್ರು. ನಾನು ಬೇಲಿ ಹತ್ರ ಹೋದೆ. ಮಂಜಲ್ಲಿ ಬೇಲಿಗಂಟ್ಕೊಂಡು ಸುಮಾರು ನಲವತ್ತು ಹಸು ಸಾಲಾಗಿ ನಿಂತಿವೆ. ಒಂದೂ ಅಂಬಾ ಅನ್ನಲ್ಲ, ಬಾಲ ಅಲ್ಲಾಡಿಸಲ್ಲ. ಎಲ್ಲದರ ಮುಖಾನೂ ತೊರೆ ಕಡೆಗೇ. ನೀರಿನ ತೊಟ್ಟಿ ಆ ಕೊನೇಲಿತ್ತಂತೆ, ನನಗೆಲ್ಲಿ ಕಾಣ್ಬೇಕು? ಬಾಯಾರಿರೋ ಗೋವಿಗೆ ನೀರು ಕುಡಿಸಿದ್ರೆ ಮನೆಗೆ ಒಳ್ಳೇದು ಅಂತ ಗೇಟಿನ ಚಿಲಕ ತೆಗೆದೆ.

ಓಡ್ಲಿಲ್ಲ. ಒಂದರ ಹಿಂದೆ ಒಂದು, ನನ್ನ ಸೀರೆ ಸವರ್ಕೊಂಡು, ಹಳೇ ದಾರಿ ಗೊತ್ತಿರೋರ ಹಾಗೆ ಮಂಜೊಳಗೆ ಇಳಿದವು. "ಬಾ ಬಾ" ಅಂತ ಕರೆದೆ. ತಿರುಗಿ ನೋಡ್ಲಿಲ್ಲ. ಸ್ವಲ್ಪ ಹೊತ್ತಿಗೆ, ಎಲ್ಲಾ ನೀರಿಗೇ ಅಡ್ಡ ನಿಂತವೋ ಏನೋ, ತೊರೆ ಹರಿಯೋ ಸದ್ದೇ ನಿಂತ್ಹೋಯ್ತು. ಹೆದರಿ ಡೇಲ್‌ನ ಕೂಗಿದೆ.

ಡೇಲ್ ಓಡಿಬಂದು ಮೇವಿನ ಬಕೆಟ್ ಬಡಿದ ಮೇಲೆ ವಾಪಸ್ ಬಂದವು. ಅಷ್ಟರಲ್ಲಿ ಆಫೀಸರಮ್ಮ ಬಂದಾಗಿತ್ತು. ದಡದ ತುಂಬ ಗೊರಸಿನ ಗುರುತು, ಹಸೀ ಸಗಣಿ. ಡೇಲ್ ಮೊದಲೇ ಬಿಳೀ ಮನುಷ್ಯ, ಸುಣ್ಣ ಆಗ್ಬಿಟ್ಟ.

"ಗೇಟ್ ತೆಗೆದಿದ್ದು ನಾನು, ಪಾಪ ಅವನನ್ನ ಬಿಡಿ ಅಂತ ಹೇಳೇ," ಅಂತ ಶುಭಾನ ಮುಂದಕ್ಕೆ ತಳ್ಳಿದೆ.

ಆಫೀಸರಮ್ಮ ಬೇಲಿ ಉದ್ದಕ್ಕೂ ನಡೆದು ನೋಡಿದ್ಲು. "ಬೇಲಿ ಗಟ್ಟಿಯಾಗಿದೆ. ಗೇಟಿಗೆ ಇವತ್ತೇ ಬೀಗ ಹಾಕಿ," ಅಂದು ಸಹಿ ಮಾಡಿದ್ಲು. ಡೇಲ್ ಉಸ್ಸಪ್ಪಾ ಅಂತ ಅಲ್ಲೇ ಕಲ್ಲಿನ ಮೇಲೆ ಕೂತ.

ನನಗೂ ಜೀವ ಬಂತು, ಬಾಯೂ ಬಂತು. "ಅಲ್ಲಯ್ಯಾ, ಹಸು ನಾಲ್ಕು ಗುಟುಕು ಕುಡಿದ್ರೆ ಯಾರ ಗಂಟು ಹೋಗುತ್ತೆ?" ಅಂತ ಶುಭಾ ಕೈಲಿ ಕೇಳಿಸಿದೆ.

"ಕುಡಿದಿದ್ದಕ್ಕಲ್ಲ ಮ್ಯಾಮ್, ಹಾಕಿದ್ದಕ್ಕೆ," ಅಂದ. "ಈ ತೊರೆ ನದಿ ಸೇರಿ ನಿಮ್ಮೂರ ಕಡೆಗೇ ಹೋಗುತ್ತೆ. ನೀವು ಮುಂದೆ ನಡೀರಿ, ಇವು ಹಾಕಿದ್ದು ಹಿಂದಿಂದ ನಿಮ್ಮ ನಲ್ಲಿಗೆ ಬರುತ್ತೆ."