ನೆಬಿಸಕ್ಕನ ಕೈಯ ಬೋಣಿ

ಎರ್ಮಾಳಿನ ಸ್ವರ್ಣಲತಾ ಶಿರ್ವದ ನಮ್ಮ ಓಣಿಗೆ ಮೀನು ತರಲು ಶುರುಮಾಡಿದಾಗ ನನ್ನ ತಲೆಗೂದಲು ಪೂರ್ತಿ ಕಪ್ಪಗಿತ್ತು. ಈಗ ಅವಳದ್ದೂ ನರೆತಿದೆ, ನಾಲಿಗೆ ಮಾತ್ರ ಹಾಗೇ ಇದೆ. ಚೌಕಾಸಿಗೆ ಇಳಿದರೆ, "ಬಾಯಿ, ನಿಮ್ಮ ಮಗ ದುಬೈಯಲ್ಲಿ ದುಡಿಯುವುದು ಬಂಗುಡೆಗೂ ಸಾಲುವುದಿಲ್ಲವಾ?" ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಾಳೆ. ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಬಾಯಿ ಎಂದೇ ಕರೆಯುವುದು. ಶಾಲೆಯಲ್ಲಿ ಮಕ್ಕಳನ್ನು ಗದರಿಸಿಯೇ ನಿವೃತ್ತಳಾದ ನನ್ನನ್ನು ಗದರಿಸುವ ಧೈರ್ಯ ಇವಳೊಬ್ಬಳಿಗೇ ಇರುವುದು.

ಅವಳ ಬೋಣಿ, ಎಂದರೆ ದಿನದ ಮೊದಲ ವ್ಯಾಪಾರ, ಓಣಿಯ ತಿರುವಿನಲ್ಲಿರುವ ಬ್ಯಾರಿ ಮುಸ್ಲಿಂ ಮುದುಕಿ ನೆಬಿಸಕ್ಕನ ಕೈಯಿಂದಲೇ ಆಗಬೇಕು. ಆ ಕೈ ತಾಗಿದರೆ ಬುಟ್ಟಿ ಖಾಲಿಯಾಗುತ್ತದೆಂಬುದು ಅವಳ ಗಟ್ಟಿ ನಂಬಿಕೆ. ನೆಬಿಸಕ್ಕ ಜ್ವರದಲ್ಲಿ ಮಲಗಿದ್ದಾಗ ಮಂಚದ ತನಕ ಹೋಗಿ ನಾಲ್ಕು ಬೂತಾಯಿ ಮೀನು ಕೈಗೆ ಹಿಡಿಸಿ ಬಂದವಳು ಇವಳು. "ಒಂದು ದಿನ ನನ್ನ ಕೈಯಿಂದ ಆಗಲಿ" ಎಂದರೆ, "ನಿಮ್ಮದು ಜಿಪುಣ ಕೈ" ಎನ್ನುತ್ತಾಳೆ. ನನಗೆ ಸಿಟ್ಟು ಬರುತ್ತದೆ, ನಗುವೂ ಬರುತ್ತದೆ.

ಕಳೆದ ವರ್ಷ ಮಳೆಗಾಲ ಮುಗಿಯುತ್ತಿದ್ದಾಗ ದೂರದ ಪೇಟೆಯೊಂದರಲ್ಲಿ ಒಬ್ಬ ಯುವಕನ ಕೊಲೆಯಾಯಿತು. ಅದಕ್ಕೆ ಪ್ರತಿಯಾಗಿ ಇನ್ನೊಬ್ಬನನ್ನು ಕಡಿದರು. ಮೊಬೈಲುಗಳಿಗೆ ಸಂದೇಶ ಬಂತು: ಅವರೊಂದಿಗೆ ವ್ಯಾಪಾರ ಬೇಡ. ಅವರು ಎಂದರೆ ಬ್ಯಾರಿಗಳು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆ ವಾರ ನನ್ನ ಮೊಮ್ಮಗಳು ಮೆಲಿಷಾ ಮಣಿಪಾಲದ ಕಾಲೇಜಿನಿಂದ ಮನೆಗೆ ಬಂದಿದ್ದಳು. ಜನ ಗುಂಪುಗಟ್ಟಿ ಕೊಲ್ಲುವುದು ಧರ್ಮಕ್ಕಾಗಿಯೋ ದೇಶಕ್ಕಾಗಿಯೋ ಎಂದು ಅವಳು ತರಗತಿಯಲ್ಲಿ ಮಾತಾಡಬೇಕಿತ್ತು. ಜಗಲಿಯಲ್ಲಿ ಚಾ ಕುಡಿಯುತ್ತ ನಾನು ಧರ್ಮ ಎಂದೆ, ಅವಳು ದೇಶ ಎಂದಳು. ಇಬ್ಬರೂ ಸೋಲುವ ಜಾತಿಯಲ್ಲ. ಅಷ್ಟರಲ್ಲಿ ಸ್ವರ್ಣಲತಾ ಬಂದು, ತುಂಬಿದ ಬುಟ್ಟಿಯನ್ನು ಇಳಿಸಿ ಕುಳಿತಳು.

"ಬಂಗುಡೆ ಕೊಡು" ಎಂದೆ.

"ಕೊಡಲಿಕ್ಕಿಲ್ಲ ಬಾಯಿ. ಬೋಣಿ ಆಗಲಿಲ್ಲ."

"ನೆಬಿಸಕ್ಕ ಮನೆಯಲ್ಲಿ ಇಲ್ಲವಾ?"

"ಗೇಟಿನ ಹತ್ತಿರವೇ ನಿಂತಿದ್ದರು. ನಾನು ನೋಡದವಳ ಹಾಗೆ ದಾಟಿ ಬಂದೆ."

ಅವಳ ತಂಗಿಯ ಮಗ ಪ್ರಖ್ಯಾತ್ ಹಿಂದಿನ ದಿನ ಹೇಳಿದ್ದನಂತೆ, ಆ ಮನೆಗೆ ಕಾಲಿಟ್ಟರೆ ನಮ್ಮವರು ಯಾರೂ ನಿನ್ನ ಮೀನು ಮುಟ್ಟುವುದಿಲ್ಲ ಎಂದು. ಅವನು ಬೈಕಿನಲ್ಲಿ ಹಿಂದೆಯೇ ಬಂದು ತಿರುವಿನ ಅಂಗಡಿಯ ಹತ್ತಿರ ಕಾಯುತ್ತಿದ್ದ. ಅವಳ ಬದುಕು ಆ ಬುಟ್ಟಿಯೊಂದರ ಮೇಲೆಯೇ ನಿಂತಿರುವುದು ನನಗೆ ಗೊತ್ತಿತ್ತು.

ಮೆಲಿಷಾ ಮೆಲ್ಲಗೆ, "ಇದೆಲ್ಲ ಧರ್ಮಕ್ಕಾಗಿಯಾ ಅಕ್ಕ, ದೇಶಕ್ಕಾಗಿಯಾ?" ಎಂದು ಸ್ವರ್ಣಲತಾಳನ್ನು ಕೇಳಿದಳು.

"ನನಗೆ ಎಂತ ಗೊತ್ತು ಮಗಳೇ? ನನ್ನ ಅಣ್ಣ ಮುಂಬಯಿಯಲ್ಲಿ ಹೋಟೆಲ್ ಕೆಲಸದಲ್ಲಿದ್ದ. ಅಲ್ಲಿ ಗಲಾಟೆ ಆದಾಗ ಗುಂಪಿನ ಜೊತೆ ಹೋಗಿ ಒಂದು ಅಂಗಡಿಗೆ ಬೆಂಕಿ ಹಾಕಿದ. ಒಳಗೆ ಜನ ಇದ್ದರು. ದೇವರಿಗೆ ಕೈ ಮುಗಿದವ ಅಲ್ಲ ಅವನು, ಬಾವುಟ ಕಂಡರೆ ಎದ್ದು ನಿಂತವನೂ ಅಲ್ಲ. ಯಾಕೆ ಹೋದೆ ಎಂದು ಅಮ್ಮ ಅತ್ತು ಕೇಳಿದರೆ, ಎಲ್ಲರೂ ಹೊರಟಿದ್ದರು, ನಾನೊಬ್ಬ ರೂಮಿನಲ್ಲಿ ಹೇಗೆ ಕೂರುವುದು, ಕೂತರೆ ಎಂತ ಹೇಳಿಯಾರು ಎಂದ."

"ಹಾಗಾದರೆ ದೇವರೂ ದೇಶವೂ ಸುಮ್ಮನೆಯಾ?"

"ಸುಮ್ಮನೆ ಅಲ್ಲ. ಕರೆಯುವವರು ಆ ಹೆಸರು ಹೇಳಿಯೇ ಕರೆಯುವುದು. ನನ್ನ ಅಣ್ಣನಂಥವರು ಹೆದರಿ ಹೋಗುವುದು. ಆಮೇಲೆ ಅವನು ಸಾಯುವವರೆಗೂ ನಾನು ಅವನ ಮುಖ ನೋಡಿ ಮಾತಾಡಲಿಲ್ಲ. ಹೆದರಿದ್ದೆ ಅಂತಾನಲ್ಲ, ಅವನೂ ಒಬ್ಬ ಗಂಡಸಾ ಅಂತ..."

ಸ್ವರ್ಣಲತಾ ಬುಟ್ಟಿಯ ಅಂಚನ್ನು ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

"ಬಾಯಿ, ನಾನು ಈಗ ಎಂತ ಮಾಡಿ ಬಂದದ್ದು?"

ಬೆಂಕಿ ಹಾಕುವುದೂ ಗೇಟು ದಾಟುವುದೂ ಒಂದೇ ಅಲ್ಲ ಎಂದು ಸಮಾಧಾನ ಹೇಳಲು ಹೊರಟೆ. ಅವಳು ಕೇಳಿಸಿಕೊಳ್ಳಲಿಲ್ಲ. ಬುಟ್ಟಿ ಎತ್ತಿ ತಲೆಗೇರಿಸಿ ಹೊರಟೇಬಿಟ್ಟಳು. ಒಬ್ಬಳನ್ನೇ ಬಿಡಲು ಮನಸ್ಸಾಗದೆ ನಾವಿಬ್ಬರೂ ಹಿಂದೆಯೇ ನಡೆದೆವು.

ನೆಬಿಸಕ್ಕ ಗೇಟು ಹಾಕಿಕೊಂಡು ಒಳಗೆ ಅಂಗಳದಲ್ಲಿ ನಿಂತಿದ್ದಳು. ಸ್ವರ್ಣಲತಾಳನ್ನು ಕಂಡು ಕಣ್ಣು ತುಂಬಿತು, ಆದರೂ ಬೇಡವೆಂದು ಕೈಯಾಡಿಸಿದಳು.

"ಹೋಗು ಮಾರಾಯ್ತಿ. ಅಲ್ಲಿ ನಿಮ್ಮ ಹುಡುಗ ನೋಡುತ್ತಾ ಇದ್ದಾನೆ. ನಮ್ಮಿಂದಾಗಿ ನಿನಗೆ ತೊಂದರೆ ಬೇಡ."

ಅಂಗಡಿಯ ಹತ್ತಿರ ಪ್ರಖ್ಯಾತ್ ಬೈಕಿನಿಂದ ಇಳಿದ. ಸ್ವರ್ಣಲತಾ ಆ ಕಡೆ ನೋಡಿದಳು. ಬುಟ್ಟಿ ಇಳಿಸಿ, ಒಂದು ಹಿಡಿ ಬಂಗುಡೆ ಎತ್ತಿ, ಗೇಟಿನ ಸರಳುಗಳ ನಡುವೆ ಕೈ ತೂರಿಸಿ ಚಾಚಿದಳು. ಆ ಗಳಿಗೆಯಲ್ಲಿ ಅವಳ ಮೇಲೆ ನನಗೆ ಪ್ರೀತಿ ಉಕ್ಕಿ ಬಂತು.

"ನಿನಗೆ ಹೆದರಿಕೆ ಆಗುವುದಿಲ್ಲವಾ?" ಎಂದು ನೆಬಿಸಕ್ಕ ಕೇಳಿದಳು.

"ಆಗ್ತದೆ ನೆಬಿಸಕ್ಕ. ಬೇಗ ಹಿಡಿಯಿರಿ, ಕೈ ನಡುಗುತ್ತಾ ಉಂಟು."