ಪೂಜೆಗಷ್ಟೇ ಹೊರಬರುತ್ತಿದ್ದ ಗಾಡಿ

ನಿಮ್ಮ ಮನೆಯ ಮೂಲೆಯಲ್ಲಿ ವರ್ಷಗಟ್ಟಲೆಯಿಂದ ನಿಂತಿರುವ ಆ ವಾಹನಕ್ಕೆ ಕೊನೆಯ ಸಲ ಕುಂಕುಮ ಹಚ್ಚಿದ್ದು ಯಾವಾಗ ಎಂದರೆ ನೀವು ತಡವರಿಸದೆ ಹೇಳುತ್ತೀರಿ. ಆದರೆ ಕೊನೆಯ ಸಲ ಪೆಟ್ರೋಲ್ ಹಾಕಿದ್ದು ಯಾವಾಗ? ಉತ್ತರಕ್ಕೆ ಅವಸರವಿಲ್ಲ. ಈ ಪ್ರಶ್ನೆಯನ್ನು ನಾನು ಮೊದಲು ಕೇಳಿದ ಗೌಡರೊಬ್ಬರು ಇನ್ನೂ ವಿಚಾರ ಮಾಡುತ್ತಲೇ ಇದ್ದಾರೆ.

ನನಗೆ ಮೋಟಾರ್ ಸೈಕಲ್ ಬೇಕಾಗಿದ್ದು ಶೋಕಿಗಲ್ಲ. ಬೈಲಹೊಂಗಲದಿಂದ ಎಂ.ಕೆ. ಹುಬ್ಬಳ್ಳಿಯ ಕಡೆಗೆ ಹೋಗುವ ದಾರಿಯಲ್ಲಿ, ಕಬ್ಬು ಕಡಿಯುವ ಗ್ಯಾಂಗಿನವರು ಹಂಗಾಮಿಗೊಮ್ಮೆ ಬಂದು ಗುಡಿಸಲು ಹಾಕುವ ಹೊಲವೊಂದಿದೆ. ಹಿಂದಿನ ವರ್ಷ ಅಲ್ಲಿಯ ಹೆಂಗಸರಿಗೆ ಅಕ್ಷರ ಕಲಿಸುವ ಸಂಕಲ್ಪ ತೊಟ್ಟು ದಿನವೂ ಬಸ್ಸಿನಲ್ಲಿ ಹೋಗುತ್ತಿದ್ದೆ. ಅವರು ಕಬ್ಬಿನ ಗದ್ದೆಯಿಂದ ಮರಳುತ್ತಿದ್ದುದು ಸೂರ್ಯ ಮುಳುಗಿದ ಮೇಲೆ. ಬೈಲಹೊಂಗಲಕ್ಕೆ ಕೊನೆಯ ಬಸ್ಸು ಹೊರಡುತ್ತಿದ್ದುದು ಸೂರ್ಯ ಮುಳುಗುವ ಮೊದಲು. ಆದ್ದರಿಂದ ವಿದ್ಯಾರ್ಥಿನಿಯರು ಬರುವ ಹೊತ್ತಿಗೆ ಶಿಕ್ಷಕಿ ಹೋಗಿರುತ್ತಿದ್ದಳು. ಇಷ್ಟು ಶಿಸ್ತಿನ ತರಗತಿ ಜಿಲ್ಲೆಯಲ್ಲೇ ಇನ್ನೊಂದಿರಲಿಕ್ಕಿಲ್ಲ. ಹಂಗಾಮು ಮುಗಿಯುವ ವೇಳೆಗೆ, ಒಂದು ದಿನ ಬೇಗ ಮರಳಿದ್ದ ಒಬ್ಬಾಕೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಕಲಿತಿದ್ದಳು. ಉಳಿದ ಹೆಸರನ್ನು ಬಸ್ಸು ಒಯ್ದಿತ್ತು. ಈ ವರ್ಷವೂ ಹೀಗೆಯೇ ಆಗುವುದಾದರೆ ತರಗತಿಯನ್ನು ಮುಚ್ಚಿಬಿಡುವುದೇ ಪ್ರಾಮಾಣಿಕತೆ ಎಂದು ನಿಶ್ಚಯಿಸಿದ್ದೆ.

ಸ್ಕೂಟಿ ಕೊಳ್ಳಬಹುದಿತ್ತು ಎಂದು ಹಿತೈಷಿಗಳು ಹೇಳಿದರು. ಕಬ್ಬಿನ ಟ್ರ್ಯಾಕ್ಟರುಗಳು ಉತ್ತು ಹಾಕಿದ ಹೊಲದ ದಾರಿಯನ್ನು ಕಂಡವರಾರೂ ಹಾಗೆ ಹೇಳಲಾರರು, ಹಿತೈಷಿಗಳು ಕಂಡಿರಲಿಲ್ಲ. ಹೀಗಾಗಿ ಸಂಪಗಾಂವದ ಆಚೆಯ ಹಳ್ಳಿಯೊಂದರಲ್ಲಿ, ಮೇಲೆ ಹೇಳಿದ ಗೌಡರ ದನದ ಕೊಟ್ಟಿಗೆಯಲ್ಲಿ ಹಳೆಯ ಮೋಟಾರ್ ಸೈಕಲ್ ಇದೆಯೆಂದು ತಿಳಿದಾಗ ನೋಡಲು ಹೋದೆ. ಗೌಡರು ಪ್ರಾಯದಲ್ಲಿ ಓಡಿಸಿದ್ದ ಗಾಡಿ ಅದು. ಮನೆಗೆ ಕಾರು ಬಂದ ಮೇಲೆ ಕೊಟ್ಟಿಗೆ ಸೇರಿತ್ತು. ಹ್ಯಾಂಡಲ್ಲಿನ ಮೇಲೆ ಒಣಗಿದ ಚೆಂಡುಹೂವಿನ ಸರ, ದೀಪದ ಗಾಜಿನ ಮೇಲೆ ವಿಭೂತಿಯ ಪಟ್ಟೆ, ಪೆಟ್ರೋಲ್ ಟಾಕಿಯ ಮೇಲೆ ವರ್ಷದಿಂದ ವರ್ಷಕ್ಕೆ ದಪ್ಪವಾಗಿದ್ದ ಕುಂಕುಮ. ಭಕ್ತಿಗೇನೂ ಕೊರತೆಯಿರಲಿಲ್ಲ. ಗಾಳಿ ಮಾತ್ರ ಎರಡೂ ಗಾಲಿಗಳಲ್ಲಿ ಇರಲಿಲ್ಲ.

"ಚಾಲೂ ಐತೇನ್ರಿ ಗೌಡ್ರ?" ಎಂದು ಕೇಳಿದೆ.

"ವರ್ಷಾ ಖಂಡೆಪೂಜಿ ಮಾಡತೇವ್ರಿ ಅಕ್ಕಾರ," ಎಂದು ಮಹಾನವಮಿಯ ಆಯುಧಪೂಜೆಯ ಲೆಕ್ಕ ಕೊಟ್ಟರು. "ಒಂದ್ ಮಾನೌಮೀನೂ ತಪ್ಪಿಸಿಲ್ಲ."

"ಪೂಜಿ ಅಲ್ರಿ. ಕಿಕ್ ಹೊಡದು ನೋಡೀರೇನು?"

ಗೌಡರು ನನ್ನನ್ನು ಕರುಣೆಯಿಂದ ನೋಡಿದರು. "ಪೂಜಿ ಮಾಡಿದ್ದಕ್ಕ ಕಾಲ್ಲೆ ಒದಿಯೂದು ಹೆಂಗ್ರಿ?"

ನಾನು ಕಾಲೇಜಿನ ದಿನಗಳಲ್ಲಿ ಕಿತ್ತೂರು, ಸವದತ್ತಿ, ರಾಮದುರ್ಗಗಳ ಚರ್ಚಾಸ್ಪರ್ಧೆಗಳಲ್ಲಿ ವಿಷಯದ ಪರವಾಗಿಯೂ ವಿರುದ್ಧವಾಗಿಯೂ ಮಾತಾಡಿ ಕಪ್ಪುಗಳನ್ನು ಗೆದ್ದವಳು. ಆದರೆ ಕಾಲಿನಿಂದ ಒದ್ದೇ ಚಾಲೂ ಮಾಡಬೇಕಾದ ಯಂತ್ರವನ್ನು ದೇವರನ್ನಾಗಿ ಮಾಡಿದರೆ ಒದೆಯುವವರು ಯಾರು ಎಂಬ ವಿಷಯವನ್ನು ಯಾವ ಸ್ಪರ್ಧೆಯೂ ಕೊಟ್ಟಿರಲಿಲ್ಲ. ಆದರೂ ಧೃತಿಗೆಡದೆ ವಾದ ಮಂಡಿಸಿದೆ. ಯಂತ್ರಕ್ಕೆ ಚಲನೆಯೇ ಪೂಜೆ, ನಿಲ್ಲಿಸಿ ಇಡುವುದೇ ಅಪಚಾರ ಎಂದು ದೃಷ್ಟಾಂತಸಹಿತ ಹೇಳಿದೆ. ಗೌಡರು ಪ್ರತಿಯೊಂದು ಮಾತಿಗೂ ತಲೆಯಾಡಿಸಿ, ಕೊನೆಗೆ, "ಖರೇ ಐತ್ರಿ. ಮಾನೌಮಿ ಪೂಜಿ ಮುಗೀಲಿ, ಆಮ್ಯಾಲ ಒಯ್ರಿ," ಎಂದರು. ಚರ್ಚೆಯಲ್ಲಿ ನಾನು ಗೆದ್ದೆ. ಗಾಡಿ ಅಲ್ಲೇ ಉಳಿಯಿತು.

ಚಹಾ ತಂದ ಅವರ ಹೆಂಡತಿ ಗೌಡಶ್ಯಾನಿ ಮಾತ್ರ ಒಂದು ಪ್ರಶ್ನೆ ಕೇಳಿದರು. "ಗಾಡಿ ಯಾರಿಗವ್ವಾ, ಮನಿಯವರಿಗೇನು?"

"ನನಗರೀ."

"ಒಯ್ಯವ್ವಾ, ಲಗೂನ ಒಯ್ಯಿ. ಈ ಮನ್ಯಾಗ ಅದನ್ನ ಹತ್ತಾವ್ರು ಒಬ್ರೂ ಇಲ್ಲ, ಒರಸಾಕಿ ಮಾತ್ರ ನಾ ಒಬ್ಬಾಕಿ."



ಮಹಾನವಮಿಯ ದಿನ ಪೂಜೆಗೆ ನನ್ನನ್ನೂ ಕರೆದಿದ್ದರು. ಗಾಡಿಗೆ ಬಿಂದಿಗೆಗಟ್ಟಲೆ ನೀರು ಸುರಿದು ಸ್ನಾನ ಮಾಡಿಸಿದರು. ಗಾಲಿಯ ಕೆಳಗೆ ನಿಂಬೆಹಣ್ಣನ್ನಿಟ್ಟರು. ಮುಂದಕ್ಕೆ ಚಲಿಸದ ಗಾಲಿಯ ಕೆಳಗೆ ಆ ಹಣ್ಣು ಸಂಜೆಯವರೆಗೂ ಸುರಕ್ಷಿತವಾಗಿತ್ತು. ಗೌಡರು ಟಾಕಿಯ ಮೇಲೆಯೇ ತೆಂಗಿನಕಾಯಿ ಒಡೆದರು. ನೀರು ಮುಚ್ಚಳದ ಸುತ್ತ ನಿಂತು, ನಿಧಾನವಾಗಿ ಒಳಗಿಳಿಯಿತು. ಟಾಕಿಯ ಹೊಟ್ಟೆಯಲ್ಲಿ ಏನಿರಬಹುದೆಂಬ ಅಂದಾಜು ನನಗೆ ಬಂದದ್ದು ಆಗ.

ಪೂಜೆ ಮುಗಿದ ಮೇಲೆ ಗೌಡರು ಮಾತಿನಂತೆ ಗಾಡಿಯನ್ನು ನನಗೆ ಕೊಟ್ಟರು. ಬೈಲಹೊಂಗಲದ ಮೆಕ್ಯಾನಿಕ್ಕು ಅದನ್ನು ಟ್ರ್ಯಾಕ್ಟರಿನಿಂದ ಇಳಿಸಿಕೊಂಡು, ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರೆಯೇ ಎಂದು ರಸ್ತೆಯ ಕಡೆ ನೋಡಿದ.

"ಸರ್ ಬರಲಿ ತಡೀರಿ ಅಕ್ಕಾರ, ಕೂಡೇ ಮಾತಾಡೂಣು."

"ಯಾವ ಸರ್?"

"ಗಾಡಿ ಓಡಸಾವ್ರು."

"ಬಂದೇನಲ್ಲಾ, ಮಾತಾಡು."

ಅವನು ಮತ್ತೊಮ್ಮೆ ರಸ್ತೆಯನ್ನು ನೋಡಿ, ಯಾರೂ ಬಾರದಿರುವುದನ್ನು ಖಚಿತಪಡಿಸಿಕೊಂಡು ಕೆಲಸಕ್ಕೆ ಕುಳಿತ. ಟಾಕಿಯಿಂದ ಕಂದುಬಣ್ಣದ ಕೆಸರು ಹೊರಬಂತು. ಇಂಜಿನ್ನಿನ ತಲೆಯಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇರಬೇಕಾದ ಜಾಗದಲ್ಲಿ, ಚಾಕುವಿನಿಂದ ಕೆತ್ತಿ ಸಣ್ಣದು ಮಾಡಿದ, ಕಾಳು ಉದುರಿಸಿದ ಗೋವಿನಜೋಳದ ಬೆಂಡು ಸಿಕ್ಕಿತು. ಗೌಡರಿಗೆ ಫೋನ್ ಮಾಡಿದೆ. "ಔಷಧ ಹೊಡಿಯೂ ಪಂಪಿಗೆ ಬೇಕಾಗಿತ್ರಿ, ತಗದಿದ್ವಿ. ತೂತು ಹಂಗ ಬಿಟ್ರ ಚಂದ ಕಾಣೂದಿಲ್ಲಂತ ಬೆಂಡು ಬಡದೇವಿ," ಎಂದರು. ದೇವರ ಜೀವವನ್ನು ತೆಗೆದು ಪಂಪಿಗೆ ಹಾಕಿದ ಮೇಲೂ ಪೂಜೆ ಸಾಂಗವಾಗಿ ನಡೆದಿತ್ತು. ವರ್ಷಕ್ಕೊಮ್ಮೆ ಹಾರ ಹಾಕಿ ಬೀಗ ಜಡಿಯುವ ಎಷ್ಟೋ ಗ್ರಂಥಾಲಯಗಳನ್ನು ಕಂಡಿದ್ದ ನನಗೆ ಇದರಲ್ಲಿ ಆಶ್ಚರ್ಯವೇನೂ ಆಗಲಿಲ್ಲ.

ಬೆಂಡಿನ ಅಂಚಿನಿಂದ ಇಳಿದ ಪವಿತ್ರ ನೀರಿನಿಂದ ಒಳಗಿನ ಪಿಸ್ಟನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಮೆಕ್ಯಾನಿಕ್ಕು ಆ ತೂತಿನಲ್ಲಿ ಸೀಮೆಎಣ್ಣೆ, ಇಂಜಿನ್ ಆಯಿಲ್ಲು ಕೂಡಿಸಿ ಹೊಯ್ದು, "ನಾಳೆ ಬಿಡತೈತ್ರಿ," ಎಂದ. ಮರುದಿನವೂ ಹಾಗೆಯೇ ಎಂದ. ಅವನ ನಾಳೆಗಳು ಸಾಲುಗಟ್ಟಿದವು. ಅಷ್ಟರಲ್ಲಿ ಕಾರ್ಖಾನೆ ಕಬ್ಬು ನುರಿಯಲು ತೊಡಗಿ, ಹೊಲದಲ್ಲಿ ಗುಡಿಸಲುಗಳು ಎದ್ದವು. ನಾನು ಬಸ್ಸಿನಲ್ಲಿ ಹೋಗಿ, ಖಾಲಿ ಗುಡಿಸಲುಗಳ ಮುಂದೆ ಕುಳಿತು, ಬಸ್ಸಿನಲ್ಲಿ ಮರಳಿದೆ. ಎರಡನೆಯ ಸಲ ಹಾಗಾದಾಗ ಗ್ಯಾರೇಜಿಗೆ ಬಂದು, ಗೇರು ಹಾಕಿ, ಹಿಂದಿನ ಗಾಲಿಯನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಜಗ್ಗುತ್ತ ನಿಂತೆ. ಮೆಕ್ಯಾನಿಕ್ಕು ಬೇಡವೆಂದ; ಬಳಿಕ ನಾಚಿಕೊಂಡು ತಾನೂ ಕೈ ಹಾಕಿದ. ಒಳಗೆ ಏನೋ ಕರಕ್ಕೆಂದು ಬಿಟ್ಟಿತು.

"ನೋಡ್ರಿ, ನಾಳೆ ಬಿಡತೈತಿ ಅಂದಿದ್ನಲ್ಲ," ಎಂದ.

ಟಾಕಿಗೆ ಜಲ್ಲಿಕಲ್ಲು ಹಾಕಿ ಕುಲುಕಿ ತುಕ್ಕು ತೆಗೆದದ್ದಾಯಿತು, ಗಾಲಿ ಬದಲಾಯಿತು, ಹೊಸ ಪ್ಲಗ್ಗು ಬಂತು. ಬ್ಯಾಟರಿ ಮಾತ್ರ ಯಾವುದೋ ಗಾಡಿಯಿಂದ ನಿವೃತ್ತವಾದದ್ದು. ಇಂಜಿನ್ ಓಡುತ್ತಿದ್ದರೆ ಮಾತ್ರ ದೀಪ ಹತ್ತುತ್ತಿತ್ತು. ನಾನು ಕಿಕ್ಕಿನ ಮೇಲೆ ಕಾಲಿಟ್ಟಾಗ ಮೆಕ್ಯಾನಿಕ್ಕು, "ಮೊದಲ ಕೈ ಮುಗೀರಿ, ಆಮ್ಯಾಲ ಒದೀರಿ," ಎಂದ. ನಾನು ಒದೆದೆ. ಕೆಮ್ಮಿತು. ಮತ್ತೆ ಒದೆದೆ. ಬಿಳಿಯ ಹೊಗೆ ಇಡೀ ಓಣಿಯನ್ನು ತುಂಬಿ, ಗಾಡಿ ಚಾಲೂ ಆಯಿತು. ಹೊಗೆಯಲ್ಲಿ ಸುಟ್ಟ ಕೊಬ್ಬರಿಯ ವಾಸನೆಯಿತ್ತೆಂದು ನನಗನ್ನಿಸಿತು. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲ.

ಆ ಸಂಜೆ ಗುಡಿಸಲುಗಳ ಮುಂದೆ ಗಾಡಿ ನಿಲ್ಲಿಸಿದೆ. ಹೆಂಗಸರು ಆಗಷ್ಟೇ ಬಂದು ಮುಖ ತೊಳೆಯುತ್ತಿದ್ದರು. ಅವರಲ್ಲಿ ಹಿರಿಯಳಾದವಳು ಗಾಡಿಯನ್ನು ಸುತ್ತಿ ನೋಡಿ, ಒಳಗೆ ಹೋಗಿ, ಕುಂಕುಮದ ಭರಣಿ ಹಿಡಿದು ಬಂದಳು. ನಾನು ಗಂಟಲು ಸರಿಪಡಿಸಿಕೊಂಡೆ. ಯಂತ್ರಪೂಜೆಯ ಬಗ್ಗೆ ಪೀಠಿಕೆ, ಮೂರು ಅಂಶ ಮತ್ತು ಉಪಸಂಹಾರ ಸಿದ್ಧವಾಗಿದ್ದವು. ಪೀಠಿಕೆ ಅರ್ಧವಾಗಿರಲಿಲ್ಲ, ಆಕೆ ದೀಪಕ್ಕೆ ಬೊಟ್ಟಿಟ್ಟು ಭರಣಿ ಮುಚ್ಚಿದಳು.

"ಅಕ್ಕಾರ, ಭಾಷಣ ಐತವಾರ ಮಾಡ್ರಿ. ಈಗ ಅಕ್ಷರ ತಗೀರಿ, ರೊಟ್ಟಿ ಬಡಿಯೂದೈತಿ."

ಗುಡಿಸಲುಗಳಿಗೆ ಕರೆಂಟು ಇರಲಿಲ್ಲ. ಗಾಡಿಯನ್ನು ತಿರುಗಿಸಿ ನಿಲ್ಲಿಸಿ, ಬೇವಿನ ಮರಕ್ಕೆ ಒರಗಿಸಿದ ಕರಿಹಲಗೆಯ ಮೇಲೆ ಅದರ ದೀಪ ಬೀಳುವಂತೆ ಮಾಡಿದೆ. ಇಂಜಿನ್ ಬಂದ್ ಆದರೆ ಅಕ್ಷರವೂ ಬಂದ್. ಆಕ್ಸಿಲರೇಟರ್ ಸಡಿಲವಾದರೆ ಹಲಗೆ ಮಂಕಾಗುತ್ತಿತ್ತು. ಹಾಗಾಗಿ ಒಬ್ಬರು ಅದನ್ನು ತಿರುವಿ ಹಿಡಿದೇ ನಿಲ್ಲಬೇಕಾಯಿತು. ಆ ಕೆಲಸಕ್ಕೆ ಪಾಳಿ ಹಚ್ಚುವುದರೊಳಗೆ ಜಗಳವೇ ಆಯಿತು.

"ಏ, ನಿಂದಾತು, ಅತ್ತ ಸರಿ, ಈಗ ನನ್ನ ಪಾಳಿ."

"ನೀ ಜೋರ್ ತಿರುವತೀ, ಅಕ್ಷರಾ ನಡಗತಾವು."

"ನಡಗಲಿ ಬಿಡು. ನೀ ಬರದ್ರೂ ಹಂಗ ನಡಗತಾವಲ್ಲ."

ಬೈಲಹೊಂಗಲದ ಕೊನೆಯ ಬಸ್ಸು ಹೋಗಿ ಬಹಳ ಹೊತ್ತಾಗಿತ್ತು. ಆ ವಾರ ಮುಗಿಯುವುದರೊಳಗೆ ಮೂವರು ತಮ್ಮ ಹೆಸರನ್ನು ಪೂರ್ತಿ ಬರೆದರು. ಉಳಿದವರು ಸದ್ಯಕ್ಕೆ ಆಕ್ಸಿಲರೇಟರ್ ಹಿಡಿಯುವುದರಲ್ಲಿ ನಿಪುಣರಾಗಿದ್ದಾರೆ. ಅವರಲ್ಲೊಬ್ಬಳು ಗೇರು ಹಾಕುವುದು ಹೇಗೆಂದು ಕೇಳಿದ್ದಾಳೆ. ಅದನ್ನು ಪಠ್ಯಕ್ರಮಕ್ಕೆ ಸೇರಿಸಿದ್ದೇನೆ.

ನನ್ನದು ಒಂದು ಗಾಡಿ, ಒಂದು ಹಲಗೆ. ಆ ಹೊಲದಿಂದ ಕಾರ್ಖಾನೆಯವರೆಗೆ ಇನ್ನೂ ಎಷ್ಟೋ ಗುಡಿಸಲುಗಳು ಕತ್ತಲಲ್ಲಿವೆ. ಹಂಗಾಮು ಮುಗಿದರೆ ಅವರೆಲ್ಲ ಊರಿಗೆ ಹೋಗುತ್ತಾರೆ. ನಿಮ್ಮೂರಿನ ಹತ್ತಿರವೂ ಕಬ್ಬಿನ ಗ್ಯಾಂಗು ಬಂದಿದ್ದರೆ, ವಾರಕ್ಕೆ ಒಂದು ಸಂಜೆಯಾದರೂ ಹೆಂಗಸರು ಮರಳುವ ಹೊತ್ತಿಗೆ ಅಲ್ಲಿಗೆ ಹೋಗಿ. ಅವರ ಹೆಸರನ್ನು ಬರೆಯುವುದನ್ನು ಕಲಿಸಿ.